ಜಾಲತಾಣದ ನಕ್ಷೆಯೂ ಅದನ್ನು ಬರೆಯುವ ಸಾಧನಗಳೂ

ಮನೆ ಕಟ್ಟಿಸತಕ್ಕವರು ಪಾಯ ತೋಡಿಸುವುದಕ್ಕೆ ಮುಂಚೆ ನಕ್ಷೆಯನ್ನು ಬರೆಯಿಸುವರು. ಅಡಿಗೆಯ ಮನೆ ಯಾವ ಕಡೆಗೆ, ದೇವರ ಮನೆ ಎಲ್ಲಿ, ಬಚ್ಚಲ ನೀರು ಯಾವ ದಾರಿಯಾಗಿ ಹೊರಕ್ಕೆ ಹೋಗಬೇಕು ಎಂಬುದನ್ನೆಲ್ಲ ಕಾಗದದ ಮೇಲೆ ನೋಡಿ, ಮನೆಯ ಹಿರಿಯರೂ ಹೆಂಗಸರೂ ಒಪ್ಪಿದ ಮೇಲೆಯೇ ಮೇಸ್ತ್ರಿಗೆ ಮುಂಗಡ ಕೊಡುವ ವಾಡಿಕೆ ನಮ್ಮಲ್ಲಿ ಉಂಟು. ಮದುವೆ ಮುಂಜಿಗಳಿಗೂ ಪಟ್ಟಿಯಿಲ್ಲದೆ ಯಾರೂ ಕೈಹಾಕುವುದಿಲ್ಲ. ಆದರೆ ಇದೇ ಗೃಹಸ್ಥರು ಜಾಲತಾಣವೊಂದನ್ನು ಮಾಡಿಸಬೇಕೆಂದು ಹೊರಟಾಗ ಈ ವಿವೇಕವನ್ನು ಬದಿಗಿಟ್ಟುಬಿಡುವುದನ್ನು ನಾವು ಕಾಣುತ್ತಲಿದ್ದೇವೆ.

ಜಾಲತಾಣವು ಈಗ ದೊಡ್ಡ ವ್ಯಾಪಾರಿಗಳ ಸೊತ್ತಾಗಿ ಮಾತ್ರ ಉಳಿದಿಲ್ಲ. ಮನೆಯಲ್ಲಿಯೇ ಹಪ್ಪಳ ಸಂಡಿಗೆಗಳನ್ನು ಮಾಡಿ ಮಾರುವ ಗೃಹಿಣಿಯರು, ಸಂಗೀತ ಪಾಠ ಹೇಳುವವರು, ಊರಿನ ವಾಚನಾಲಯದ ಕಾರ್ಯದರ್ಶಿಗಳು, ಹಳೆಯ ವಿದ್ಯಾರ್ಥಿಗಳ ಸಂಘದವರು, ಎಲ್ಲರಿಗೂ ಇಂದು ಅದು ಬೇಕಾಗಿರುವುದು. ಬೇಕೆನಿಸಿದೊಡನೆ ಅವರು ಕೇಳುವ ಮೊದಲನೆಯ ಪ್ರಶ್ನೆ, "ನಕ್ಷೆ ಬರೆಯುವುದಕ್ಕೆ ಯಾವ ತಂತ್ರಾಂಶ ಒಳ್ಳೆಯದು?" ಎಂಬುದು. ಈ ಪ್ರಶ್ನೆಯು ತಪ್ಪಲ್ಲ, ಆದರೆ ತನ್ನ ಸರದಿಗಿಂತ ಮುಂಚೆ ಬಂದಿದೆ. ಸಾಧ್ಯವನ್ನು ನಿಶ್ಚಯಿಸದೆ ಸಾಧನವನ್ನು ಹುಡುಕುವವನು, ಬಟ್ಟೆ ಯಾವುದೆಂದು ತಿಳಿಯದೆ ಸೂಜಿಯನ್ನು ಆರಿಸುವವನಂತೆ. ಏನನ್ನು ಬರೆಯಬೇಕು, ಅದನ್ನು ಯಾರು ಓದಬೇಕು, ಬರೆದದ್ದು ಕೊನೆಗೆ ಯಾರ ಕೈಯಲ್ಲಿ ಉಳಿಯಬೇಕು ಎಂಬ ಮೂರು ಸಂಗತಿಗಳು ಇತ್ಯರ್ಥವಾದರೆ ಸಾಧನದ ಆಯ್ಕೆಯು ಬಹುಮಟ್ಟಿಗೆ ತಾನಾಗಿಯೇ ಆಗುವುದು. ಇದನ್ನೇ ಇಲ್ಲಿ ಕ್ರಮವಾಗಿ ವಿಚಾರಿಸೋಣ.

ಒಂದು ಮನೆಯ ಸಂಗತಿ

ವಿಷಯವು ಎಷ್ಟು ಮಟ್ಟಿಗೆ ಸಂಸಾರದ ಹಣಕಾಸಿಗೆ ಸಂಬಂಧಿಸಿದ್ದೆಂಬುದನ್ನು ತೋರಿಸಲು ಒಂದು ದೃಷ್ಟಾಂತವನ್ನು ಹೇಳುವೆವು. ನಮ್ಮ ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ ಅತ್ತೆಯೂ ಸೊಸೆಯೂ ಸೇರಿ ಉಪ್ಪಿನಕಾಯಿ, ಸಾರಿನ ಪುಡಿ, ಹಪ್ಪಳ ಮೊದಲಾದುವನ್ನು ಮಾಡಿ ಮಾರುತ್ತಿದ್ದರು. ಎರಡು ವರ್ಷ ಕೂಡಿಟ್ಟ ಹಣವನ್ನು ಒಬ್ಬ ತಾಣ ತಯಾರಕನಿಗೆ ಕೊಟ್ಟರು. ಆತನು ಕೆಲವು ವಾರಗಳಲ್ಲಿಯೇ ಬಣ್ಣಬಣ್ಣದ ಪುಟಗಳನ್ನು ಫೋನಿನಲ್ಲಿ ತೋರಿಸಿದನು. ಮನೆಮಂದಿಯೆಲ್ಲ ಮೆಚ್ಚಿಕೊಂಡರು. ತಾಣವು ತೆರೆದ ಮೇಲೆ ನೋಡಿದವರು ಬಹಳ, ಕೊಂಡವರು ಕೆಲವರೇ.

ಕಾರಣವನ್ನು ಹುಡುಕಿದಾಗ ಸಂಗತಿ ಹೊರಬಿದ್ದಿತು. ಕೊಳ್ಳುವವರು ಪದಾರ್ಥವನ್ನು ಆರಿಸಿ, ಹೆಸರು ವಿಳಾಸಗಳನ್ನೆಲ್ಲ ಬರೆದು, ಕಟ್ಟಕಡೆಯ ಪುಟಕ್ಕೆ ಬಂದ ಮೇಲೆಯೇ ಸಾಗಣೆಯ ವೆಚ್ಚ ಎಷ್ಟೆಂಬುದು ಅವರಿಗೆ ಕಾಣುತ್ತಿತ್ತು. ಅರ್ಧ ಕಿಲೋ ಸಂಡಿಗೆಗೆ ಸಂಡಿಗೆಯ ಬೆಲೆಯಷ್ಟೇ ಸಾಗಣೆಯ ವೆಚ್ಚವೆಂದು ತಿಳಿದೊಡನೆ ಅವರು ಹಿಂದಕ್ಕೆ ಹೋಗಿಬಿಡುತ್ತಿದ್ದರು. "ನಮ್ಮ ಊರಿಗೆ ಕಳುಹಿಸುವಿರಾ?" ಎಂಬ ಪ್ರಶ್ನೆಗೆ ಆ ತಾಣದಲ್ಲಿ ಎಲ್ಲಿಯೂ ಉತ್ತರವಿರಲಿಲ್ಲ. ತಿದ್ದಿಸೋಣವೆಂದರೆ ತಯಾರಕನು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದನು. ಅವನು ಬರೆದ ನಕ್ಷೆಗಳೆಲ್ಲ ಅವನ ಖಾತೆಯಲ್ಲಿದ್ದುವು, ಬೀಗದ ಮಾತು ಮನೆಯವರ ಬಳಿ ಇರಲಿಲ್ಲ. "ಹಣ ಹೋದದ್ದು ಹೋಯಿತು ಮೇಷ್ಟ್ರೇ, ಏನು ಯೋಚಿಸಿದ್ದೆವೆಂಬುದರ ಗುರುತೂ ನಮ್ಮ ಹತ್ತಿರ ಉಳಿಯಲಿಲ್ಲವಲ್ಲ" ಎಂದು ಆ ಹಿರಿಯರು ಹೇಳಿದ ಮಾತು ಯೋಚಿಸತಕ್ಕದ್ದು.

ಇಲ್ಲಿ ಎರಡು ಕೊರತೆಗಳಿವೆ. ಕೊಳ್ಳುವವರು ನಡೆಯುವ ದಾರಿಯನ್ನು ಯಾರೂ ಮೊದಲು ಬರೆದು ನೋಡಲಿಲ್ಲ. ಬರೆದಷ್ಟು ನಕ್ಷೆಯೂ ಮನೆಯವರ ವಶದಲ್ಲಿರಲಿಲ್ಲ. ಮೊದಲನೆಯದು ನಕ್ಷೆಯ ವಿಷಯ, ಎರಡನೆಯದು ಸಾಧನದ ವಿಷಯ. ಮುಂದಿನ ವಿಚಾರವೆಲ್ಲ ಈ ಎರಡನ್ನೇ ಅವಲಂಬಿಸಿರುವುದು.

ನಕ್ಷೆಯಿಂದ ಮೊದಲಾದ ಜಾಲ

ಜಾಲತಾಣಕ್ಕೂ ನಕ್ಷೆಗೂ ಇರುವ ನಂಟು ಹೊಸತಲ್ಲ. ಇಂದು ಜಗತ್ತನ್ನೇ ವ್ಯಾಪಿಸಿರುವ ಈ ಜಾಲವು ಮೊದಲು ಕಾಣಿಸಿಕೊಂಡದ್ದು ಕಾಗದದ ಮೇಲೆ. ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿದ್ವಾಂಸರು ೧೯೮೯ನೆಯ ಮಾರ್ಚಿಯಲ್ಲಿ ತಮ್ಮ ಮೇಲಧಿಕಾರಿಗಳಿಗೆ ಒಂದು ಸಲಹೆಯ ಪತ್ರವನ್ನು ಒಪ್ಪಿಸಿದರು. ಆ ಸಂಸ್ಥೆಯಲ್ಲಿ ಸಾವಿರಾರು ಜನರು ಬಂದು ಹೋಗುತ್ತಿದ್ದುದರಿಂದ ಯಾರು ಏನನ್ನು ಬರೆದಿಟ್ಟಿದ್ದಾರೆಂಬುದು ಕಳೆದುಹೋಗುತ್ತಿತ್ತು. ಇದಕ್ಕೆ ಪರಿಹಾರವನ್ನು ಸೂಚಿಸಿದ ಆ ಪತ್ರದ ಮೊದಲ ಪುಟದಲ್ಲಿಯೇ ಒಂದು ಚಿತ್ರವಿದೆ. ಕೆಲವು ವರ್ತುಲಗಳು, ಕೆಲವು ಪೆಟ್ಟಿಗೆಗಳು, ಅವುಗಳ ನಡುವೆ ಬಾಣದ ಗುರುತುಗಳು, ಬಾಣಗಳ ಪಕ್ಕದಲ್ಲಿ ಸಂಬಂಧವನ್ನು ತಿಳಿಸುವ ಸಣ್ಣ ಮಾತುಗಳು. ಚಿತ್ರದಲ್ಲಿ ಅಲಂಕಾರವಿಲ್ಲ. ಆದರೂ ಯಾವುದು ಯಾವುದಕ್ಕೆ ಸೇರಿದ್ದೆಂಬುದು ನೋಡಿದ ಕೂಡಲೆ ತಿಳಿಯುವುದು. ನಕ್ಷೆಯ ಪ್ರಯೋಜನವು ಇಷ್ಟೇ, ಮತ್ತು ಇದು ಸ್ವಲ್ಪವಲ್ಲ.

ಮೂರು ಬಗೆಯ ನಕ್ಷೆಗಳು

ತಾಣವನ್ನು ಯೋಜಿಸುವವರಿಗೆ ಮೂರು ಬಗೆಯ ನಕ್ಷೆಗಳು ಬೇಕಾಗುವುವು. ಇವು ಒಂದಕ್ಕೊಂದು ಬೇರೆಯೆಂಬುದನ್ನು ತಿಳಿಯದಿರುವುದರಿಂದಲೇ ಸಾಧನದ ಆಯ್ಕೆಯಲ್ಲಿ ಗೊಂದಲವುಂಟಾಗುವುದು.

ಮೊದಲನೆಯದು ವೃಕ್ಷದಂತಹ ನಕ್ಷೆ. ಕಸಬಿನವರು ಇದನ್ನು ಸೈಟ್‌ಮ್ಯಾಪು ಎನ್ನುವರು. ವಂಶವೃಕ್ಷವನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮೇಲೆ ಮುಖಪುಟ, ಅದರ ಕೆಳಗೆ ಮುಖ್ಯ ವಿಭಾಗಗಳು, ಅವುಗಳ ಕೆಳಗೆ ಒಂದೊಂದೇ ಪುಟ. ಯಾವ ಯಾವ ಪುಟಗಳಿರುವುವು, ಯಾವುದು ಯಾವುದರ ಅಧೀನ ಎಂಬುದನ್ನು ಇದು ಹೇಳುವುದು.

ಎರಡನೆಯದು ನಡೆಯ ನಕ್ಷೆ, ಅಥವಾ ಫ್ಲೋಚಾರ್ಟು. ಬಂದವರು ಎಲ್ಲಿಂದ ಹೊರಟು ಯಾವ ಯಾವ ಮೆಟ್ಟಲನ್ನು ದಾಟಿ ಎಲ್ಲಿಗೆ ತಲುಪುವರೆಂಬುದನ್ನು ಇದು ತೋರಿಸುವುದು. ಇದರ ಮೂಲವು ಕಾರ್ಖಾನೆಗಳಲ್ಲಿದೆ. ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ಎಂಬ ಅಮೆರಿಕದ ದಂಪತಿಗಳು ಕೆಲಸದ ಹಂತಗಳನ್ನು ಗುರುತುಗಳಿಂದ ಬರೆದು ತೋರಿಸುವ ಈ ಕ್ರಮವನ್ನು ೧೯೨೧ರಲ್ಲಿ ಅಲ್ಲಿಯ ಯಂತ್ರಶಿಲ್ಪಿಗಳ ಸಂಘದ ಮುಂದಿಟ್ಟರು. ಈಗ ರೂಢಿಯಲ್ಲಿರುವ ಗುರುತುಗಳು ಸುಲಭವಾದುವು. ಆರಂಭಕ್ಕೂ ಮುಕ್ತಾಯಕ್ಕೂ ಮೂಲೆ ಉರುಟಾದ ಪೆಟ್ಟಿಗೆ, ಮಾಡುವ ಕೆಲಸಕ್ಕೆ ಚೌಕಟ್ಟು, ಹೌದು ಅಲ್ಲವೆಂದು ದಾರಿ ಕವಲೊಡೆಯುವ ಸ್ಥಳಕ್ಕೆ ವಜ್ರದ ಆಕಾರ. ಮೇಲೆ ಹೇಳಿದ ಮನೆಯವರು ಇಂತಹ ಒಂದೇ ಒಂದು ಹಾಳೆಯನ್ನು ಬರೆದಿದ್ದರೆ, "ಸಾಗಣೆಯ ವೆಚ್ಚ ಒಪ್ಪಿಗೆಯೇ?" ಎಂಬ ವಜ್ರವು ದಾರಿಯ ಕೊನೆಯಲ್ಲಿ ನಿಂತಿರುವುದು ಎದ್ದು ಕಾಣುತ್ತಿತ್ತು. ಅದನ್ನು ಮೊದಲಿಗೆ ತರಲು ಒಂದು ರಬ್ಬರು ಸಾಕಾಗುತ್ತಿತ್ತು.

ಮೂರನೆಯದು ಪುಟದ ಹಂದರ. ವೈರ್‌ಫ್ರೇಮು ಎಂದು ಇದರ ರೂಢಿಯ ಹೆಸರು. ಒಂದು ಪುಟದಲ್ಲಿ ಶಿರೋನಾಮೆ ಎಲ್ಲಿ, ಚಿತ್ರ ಎಲ್ಲಿ, ಬೆಲೆ ಎಲ್ಲಿ, ಒತ್ತುವ ಗುಂಡಿ ಎಲ್ಲಿ ಎಂಬುದನ್ನು ಬಣ್ಣವಿಲ್ಲದ ಗೆರೆಗಳಿಂದ ತೋರಿಸುವುದೇ ಇದರ ಉದ್ದೇಶ. ಹಂದರಕ್ಕೆ ಬಣ್ಣ ಹಚ್ಚಬಾರದು. ಬಣ್ಣವನ್ನು ಕಂಡೊಡನೆ ನೋಡುವವರು ಬಣ್ಣದ ಮಾತನ್ನೇ ಆಡುವರು. "ಹಸಿರು ಬೇಡ, ಕುಂಕುಮದ ಬಣ್ಣವಿರಲಿ" ಎಂಬ ಚರ್ಚೆಯಲ್ಲಿ ಬೆಲೆಯನ್ನು ಬರೆಯಲು ಸ್ಥಳವಿಲ್ಲವೆಂಬುದು ಯಾರ ಗಮನಕ್ಕೂ ಬಾರದು.

ವೃಕ್ಷವು ಸ್ಥಿತಿಯನ್ನು ಹೇಳುವುದು, ನಡೆಯ ನಕ್ಷೆಯು ಗತಿಯನ್ನು ಹೇಳುವುದು, ಹಂದರವು ರೂಪವನ್ನು ಹೇಳುವುದು. ಇದೇ ಕ್ರಮದಲ್ಲಿ ಬರೆಯುವುದು ಯುಕ್ತ.

ಚೀಟಿಗಳ ಪರೀಕ್ಷೆ

ವೃಕ್ಷವನ್ನು ಬರೆಯುವುದಕ್ಕೆ ಮುಂಚೆ ಮಾಡತಕ್ಕ ಒಂದು ಕೆಲಸವುಂಟು. ಅದಕ್ಕೆ ಕಂಪ್ಯೂಟರೇ ಬೇಡ. ಮಾರುವ ಪದಾರ್ಥಗಳ ಹೆಸರುಗಳನ್ನು, ತಿಳಿಸಬೇಕಾದ ವಿಷಯಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ನೆರೆಹೊರೆಯ ನಾಲ್ಕಾರು ಜನರನ್ನು ಪ್ರತ್ಯೇಕವಾಗಿ ಕೂರಿಸಿ, "ನಿಮಗೆ ಯಾವುವು ಒಟ್ಟಿಗೆ ಇರಬೇಕೆಂದು ತೋರುವುದೋ ಹಾಗೆ ಗುಂಪು ಮಾಡಿರಿ" ಎಂದು ಕೇಳಬೇಕು. ನಾವು ಬಾಯಿ ಹಾಕಬಾರದು. ಈ ಪರೀಕ್ಷೆಗೆ ಕಾರ್ಡ್ ಸಾರ್ಟಿಂಗ್ ಎಂಬ ಹೆಸರಿದೆ.

ಆ ಮನೆಯಲ್ಲಿ ಎರಡನೆಯ ಸಲದ ಯೋಜನೆಗೆ ಈ ಪರೀಕ್ಷೆಯನ್ನು ಮಾಡಿಸಿದೆವು. ತಯಾರಿಸುವವರ ಮನಸ್ಸಿನಲ್ಲಿ ಇದ್ದ ಗುಂಪುಗಳು ಬೇರೆ. ಬಿಸಿಲಿನಲ್ಲಿ ಒಣಗಿಸಿದ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಒಂದು ಕಡೆ, ಹುರಿದು ಕುಟ್ಟಿದ ಪುಡಿಗಳು ಒಂದು ಕಡೆ, ಉಪ್ಪು ಎಣ್ಣೆಗಳಲ್ಲಿ ಇಟ್ಟುವು ಇನ್ನೊಂದು ಕಡೆ. ಕೊಳ್ಳುವವರು ಮಾಡಿದ ಗುಂಪುಗಳೇ ಬೇರೆ. ದಿನನಿತ್ಯದ ಅಡಿಗೆಗೆ ಬೇಕಾದುವು, ಹಬ್ಬ ಶ್ರಾದ್ಧಗಳಿಗೆ ಆಗತಕ್ಕ ಈರುಳ್ಳಿ ಬೆಳ್ಳುಳ್ಳಿ ಸೇರದವು, ಪರದೇಶದಲ್ಲಿರುವ ಮಗಳಿಗೆ ಕಳುಹಿಸಲು ಕೆಡದೆ ನಿಲ್ಲತಕ್ಕವು. ಮಾಡುವವನು ಪದಾರ್ಥವನ್ನು ಹುಟ್ಟಿನಿಂದ ಗುರುತಿಸುವನು, ಕೊಳ್ಳುವವನು ಅದನ್ನು ಉಪಯೋಗದಿಂದ ಗುರುತಿಸುವನು. ಈ ಭೇದವನ್ನು ಯಾವ ತಂತ್ರಾಂಶವೂ ತಾನಾಗಿ ತಿಳಿಸಿಕೊಡಲಾರದು.

ಈ ಸಂದರ್ಭದಲ್ಲಿ ಎಸ್. ಆರ್. ರಂಗನಾಥನ್ ಅವರನ್ನು ಸ್ಮರಿಸುವುದು ಉಚಿತ. ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಇವರು ೧೯೩೧ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ೧೯೩೩ರಲ್ಲಿ ಹೊರಬಂದ ಇವರ ಕೋಲನ್ ವರ್ಗೀಕರಣವು ಒಂದು ವಸ್ತುವನ್ನು ಒಂದೇ ಗೂಡಿನಲ್ಲಿ ಕಟ್ಟಿಹಾಕದೆ, ಅದರ ಅನೇಕ ಮುಖಗಳನ್ನು ಗುರುತಿಸುವುದು. ಇಂದಿನ ದೊಡ್ಡ ಅಂಗಡಿಗಳ ತಾಣಗಳಲ್ಲಿ ಬೆಲೆಯಿಂದ, ಬಣ್ಣದಿಂದ, ಅಳತೆಯಿಂದ ಸರಕನ್ನು ಸೋಸಿ ಹುಡುಕುವ ಏರ್ಪಾಡಿದೆಯಷ್ಟೆ, ಅದು ಈ ಬಹುಮುಖ ವಿಂಗಡಣೆಯ ಮಾರ್ಗವೇ. ರಂಗನಾಥನ್ ಅವರು ತಮ್ಮ ಕಡೆಗಾಲವನ್ನು ಬೆಂಗಳೂರಿನಲ್ಲಿ ಕಳೆದರು. ೧೯೬೨ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ಶಿಕ್ಷಣದ ಕೇಂದ್ರವನ್ನು ಸ್ಥಾಪಿಸಿದರು. ಅಮೆರಿಕದಲ್ಲಿ ತಾಣಗಳ ರಚನೆಯನ್ನು ಶಾಸ್ತ್ರವಾಗಿ ಬೆಳೆಯಿಸಿದವರು ಗ್ರಂಥಾಲಯಶಾಸ್ತ್ರದಿಂದ ಬಹಳವನ್ನು ಪಡೆದಿರುವರು. ಆದುದರಿಂದ ಹಪ್ಪಳದ ಚೀಟಿಗಳನ್ನು ಗುಂಪು ಮಾಡುವ ಗೃಹಿಣಿಯು ಒಂದು ದೊಡ್ಡ ಶಾಸ್ತ್ರದ ಮೊದಲನೆಯ ಪಾಠವನ್ನೇ ಅಭ್ಯಾಸ ಮಾಡುತ್ತಿರುವಳೆಂದು ತಿಳಿಯಬೇಕು.

ಸಾಧನಗಳ ಪರಿಚಯ

ಇನ್ನು ಸಾಧನಗಳ ಮಾತು. ಮೊದಲನೆಯ ಸಾಧನವು ಕಾಗದ ಮತ್ತು ಸೀಸದ ಕಡ್ಡಿ. ಇದು ಹಾಸ್ಯಕ್ಕೆ ಹೇಳಿದ ಮಾತಲ್ಲ. ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬ ಅಮೆರಿಕದ ಲೇಖಕರು ೨೦೦೦ದಲ್ಲಿ ತಾಣದ ನಕ್ಷೆಗಳಿಗಾಗಿ ಒಂದು ಚಿಹ್ನೆಗಳ ಪದ್ಧತಿಯನ್ನು ಪ್ರಕಟಿಸಿದರು. ಅದನ್ನು ರಚಿಸುವಾಗ ಅವರು ಇಟ್ಟುಕೊಂಡ ನಿಯಮಗಳಲ್ಲಿ ಎರಡು ಮುಖ್ಯವಾದುವು. ಚಿಹ್ನೆಗಳು ಗೋಡೆಯ ಹಲಗೆಯ ಮೇಲೆ ಕೈಯಿಂದ ಬರೆಯುವಷ್ಟು ಸರಳವಾಗಿರಬೇಕು, ಯಾವ ಒಂದು ತಂತ್ರಾಂಶಕ್ಕೂ ಅಂಟಿಕೊಂಡಿರಬಾರದು. ಕಸಬಿನಲ್ಲಿ ನುರಿತವರೇ ಹೀಗೆಂದ ಮೇಲೆ ಗೃಹಸ್ಥರು ಸಂಕೋಚಪಡಬೇಕಾದುದಿಲ್ಲ.

ಕಾಗದದ ನಂತರದ ಸಾಧನಗಳನ್ನು ನಾಲ್ಕು ಪಂಗಡಗಳಾಗಿ ವಿಂಗಡಿಸಬಹುದು.

ಒಂದನೆಯ ಪಂಗಡವು ಪೆಟ್ಟಿಗೆ ಬಾಣಗಳ ನಕ್ಷೆಗೆ ಮೀಸಲಾದುದು. ಇದರಲ್ಲಿ ಹೆಸರುವಾಸಿಯಾದುದು ವಿಸಿಯೊ. ೧೯೯೨ರಲ್ಲಿ ಮಾರುಕಟ್ಟೆಗೆ ಬಂದ ಇದನ್ನು ೨೦೦೦ದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಕೊಂಡರು. ದೊಡ್ಡ ಕಚೇರಿಗಳಲ್ಲಿ ಇದಕ್ಕೆ ಬಳಕೆ ಹೆಚ್ಚು, ಹಣ ಕೊಟ್ಟು ಪಡೆಯಬೇಕು. ಹಣ ಕೊಡಬೇಕಾದುದಿಲ್ಲದವುಗಳಲ್ಲಿ ಡ್ರಾ ಡಾಟ್ ಐಓ ಎಂಬುದು ಮುಖ್ಯ. ಡಯಾಗ್ರಾಮ್ಸ್ ಡಾಟ್ ನೆಟ್ ಎಂಬುದೂ ಇದರದೇ ಹೆಸರು. ಇದನ್ನು ಜಾಲದ ಮೂಲಕವೂ ಬಳಸಬಹುದು, ಕಂಪ್ಯೂಟರಿನಲ್ಲಿ ಇರಿಸಿಕೊಂಡು ಜಾಲವಿಲ್ಲದೆಯೂ ಬಳಸಬಹುದು. ನಕ್ಷೆಯನ್ನು ನಮ್ಮ ಯಂತ್ರದಲ್ಲಿಯೇ ಉಳಿಸಿಕೊಳ್ಳುವ ಸೌಕರ್ಯ ಇದರಲ್ಲಿದೆ. ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ಡ್ರಾ ಎಂಬ ಭಾಗವಿರುವುದು. ಪತ್ರ ಬರೆಯಲು ಲಿಬ್ರೆಆಫೀಸನ್ನು ಇಟ್ಟುಕೊಂಡವರ ಮನೆಯಲ್ಲಿ ಈ ಸಾಧನವು ಆಗಲೇ ಇದ್ದಂತೆ.

ಎರಡನೆಯ ಪಂಗಡವು ಪುಟದ ಹಂದರಕ್ಕಾಗಿ ಹುಟ್ಟಿದುದು. ೨೦೦೮ರಲ್ಲಿ ಬಂದ ಬಾಲ್ಸಾಮಿಕ್ ಎಂಬ ತಂತ್ರಾಂಶವು ಬೇಕೆಂದೇ ಕೈಬರಹದಂತಹ ಅಂಕುಡೊಂಕು ಗೆರೆಗಳನ್ನು ಎಳೆಯುವುದು. ಇದು ಇನ್ನೂ ಕರಡು, ತಿದ್ದಬಹುದು ಎಂಬ ಭಾವನೆ ನೋಡುವವರಲ್ಲಿ ಉಂಟಾಗಲೆಂದು ಈ ಉಪಾಯ. ೨೦೧೬ರಲ್ಲಿ ಎಲ್ಲರಿಗೂ ತೆರೆದ ಫಿಗ್ಮಾ ಎಂಬುದು ಇಂದು ಕಸಬಿನವರ ಕೈಯಲ್ಲಿ ಬಹಳವಾಗಿ ಓಡಾಡುತ್ತಿದೆ. ಬೇರೆ ಬೇರೆ ಊರುಗಳಲ್ಲಿರುವವರು ಒಂದೇ ಪುಟವನ್ನು ಒಂದೇ ಕಾಲದಲ್ಲಿ ತಿದ್ದಬಹುದಾದುದು ಅದರ ದೊಡ್ಡ ಗುಣ. ಪೆನ್‌ಪಾಟ್ ಎಂಬ ಇನ್ನೊಂದು ತಂತ್ರಾಂಶವು ಅದೇ ಬಗೆಯ ಕೆಲಸವನ್ನು ಮಾಡುವುದು. ಇದರ ಮೂಲ ಬರಹವು ಎಲ್ಲರಿಗೂ ತೆರೆದಿರುವುದು.

ಮೂರನೆಯದು ಗೋಡೆಯ ಹಲಗೆಯಂತಹ ಸಾಧನಗಳು. ಮಿರೊ, ಫಿಗ್‌ಜಾಮ್, ಎಕ್ಸ್‌ಕ್ಯಾಲಿಡ್ರಾ ಮೊದಲಾದುವು ಈ ಜಾತಿಯವು. ಚೀಟಿಗಳನ್ನು ಅಂಟಿಸಿ, ಸರಿಸಿ, ಹಲವರು ಕೂಡಿ ಆಲೋಚಿಸುವುದಕ್ಕೆ ಇವು ತಕ್ಕವು. ಮಗನು ಹುಬ್ಬಳ್ಳಿಯಲ್ಲಿಯೂ ಮಗಳು ಅಮೆರಿಕದಲ್ಲಿಯೂ ಇದ್ದು, ತಾಯಿಯು ಮೈಸೂರಿನಲ್ಲಿರುವಾಗ ಚೀಟಿಗಳ ಪರೀಕ್ಷೆಯನ್ನು ಇವುಗಳಲ್ಲಿ ಮಾಡಬಹುದು.

ನಾಲ್ಕನೆಯ ಪಂಗಡವು ವಿಚಿತ್ರವಾದುದು. ಇದರಲ್ಲಿ ಚಿತ್ರವನ್ನು ಕೈಯಿಂದ ಎಳೆಯುವುದಿಲ್ಲ. "ಮುಖಪುಟದಿಂದ ಪುಡಿಗಳ ಪುಟಕ್ಕೆ ಬಾಣ" ಎಂಬಂತೆ ಸಾಲುಗಳನ್ನು ಗೊತ್ತಾದ ಕ್ರಮದಲ್ಲಿ ಬರೆದರೆ ಯಂತ್ರವೇ ಚಿತ್ರವನ್ನು ರಚಿಸಿಕೊಡುವುದು. ಗ್ರಾಫ್‌ವಿಜ್ ಎಂಬುದು ಇವುಗಳಲ್ಲಿ ಹಳೆಯದು, ೨೦೧೪ರಲ್ಲಿ ಮೊದಲಾದ ಮರ್ಮೇಡ್ ಎಂಬುದು ಈಗ ಬಳಕೆಯಲ್ಲಿ ಮುಂದಾಗಿದೆ. ಸೂತ್ರವನ್ನು ಬರೆದರೆ ರೂಪವು ಸಿದ್ಧಿಸುವ ಈ ಕ್ರಮವು ವ್ಯಾಕರಣವನ್ನು ಓದಿದವರಿಗೆ ಪ್ರಿಯವಾಗುವುದು ಸಹಜ. ತಂತ್ರಾಂಶವು ಮುಂದೆ ಇಲ್ಲದೆ ಹೋದರೂ ಸಾಲುಗಳನ್ನು ಓದಿಯೇ ಅರ್ಥ ಮಾಡಿಕೊಳ್ಳಬಹುದೆಂಬುದು ಇದರ ವಿಶೇಷ ಗುಣ.

ಆಯ್ಕೆಗೆ ಐದು ಪರೀಕ್ಷೆಗಳು

ಹೀಗೆ ಸಾಧನಗಳು ಹಲವಾಗಿರಲು, ಯಾವುದನ್ನು ಹಿಡಿಯಬೇಕು? ಜಾಹೀರಾತನ್ನು ನಂಬದೆ ಕೆಳಗಿನ ಐದು ಪರೀಕ್ಷೆಗಳನ್ನು ಮನೆಯಲ್ಲಿಯೇ ಮಾಡಿ ನೋಡಬೇಕೆಂದು ನಮ್ಮ ಸೂಚನೆ. ಪಾತ್ರೆಯ ಅನ್ನವೆಲ್ಲವನ್ನೂ ಹಿಸುಕಬೇಕಾದುದಿಲ್ಲ, ಒಂದು ಅಗುಳು ಸಾಕೆಂಬ ಸ್ಥಾಲೀಪುಲಾಕನ್ಯಾಯವು ಇಲ್ಲಿಯೂ ಅನ್ವಯಿಸುವುದು. ಐದೇ ಪೆಟ್ಟಿಗೆಗಳ ಒಂದು ಸಣ್ಣ ನಕ್ಷೆಯನ್ನು ಬರೆದು ಪರೀಕ್ಷಿಸಿದರೆ ಸಾಕು.

ಮೊದಲನೆಯದು ಓದುಗನ ಪರೀಕ್ಷೆ. ನಕ್ಷೆಯನ್ನು ಒಪ್ಪತಕ್ಕ ಮನೆಯ ಹಿರಿಯರು, ಸಂಘದ ಖಜಾಂಚಿ, ತಯಾರಕ, ಈ ಎಲ್ಲರೂ ಅದನ್ನು ತೆರೆದು ನೋಡಬಲ್ಲರೇ? ನೋಡುವುದಕ್ಕಾಗಿಯೇ ಹೊಸ ಖಾತೆ ತೆರೆಯಬೇಕು, ತಂತ್ರಾಂಶವನ್ನು ಕೊಳ್ಳಬೇಕು ಎಂದರೆ ನೋಡತಕ್ಕವರು ನೋಡದೆಯೇ ಒಪ್ಪಿಬಿಡುವರು. ಕಾಗದದ ಮೇಲೆ ಅಚ್ಚು ಹಾಕಿದಾಗ ಅಕ್ಷರಗಳು ಕಾಣುವಷ್ಟು ದೊಡ್ಡದಾಗಿರುವುವೇ ಎಂಬುದನ್ನೂ ನೋಡತಕ್ಕದ್ದು.

ಎರಡನೆಯದು ಕನ್ನಡದ ಪರೀಕ್ಷೆ. ಪೆಟ್ಟಿಗೆಯೊಳಗೆ ಸ್ವಾತಂತ್ರ್ಯ, ಲಕ್ಷ್ಮೀ, ರಾಷ್ಟ್ರ, ಸೂರ್ಯ ಎಂಬ ನಾಲ್ಕು ಶಬ್ದಗಳನ್ನು ಬರೆದು ನೋಡಿರಿ. ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ನಿಲ್ಲುವುವೇ, ಅರ್ಕಾವೊತ್ತು ಸರಿಯಾಗಿ ಬರುವುದೇ, ಕೆಳಗಿನ ಒತ್ತು ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುವುದೇ ಎಂಬುದನ್ನು ಪರೀಕ್ಷಿಸಬೇಕು. ಪರದೆಯ ಮೇಲೆ ಸರಿಯಾಗಿದ್ದದ್ದು ಪಿಡಿಎಫ್ ಕಡತವಾಗಿ ಹೊರಬಂದಾಗ ಕೆಡುವುದುಂಟು. ಆದುದರಿಂದ ಹೊರಕ್ಕೆ ತೆಗೆದು ನೋಡಿದ ಮೇಲೆಯೇ ತೃಪ್ತಿಪಡಬೇಕು. ೧೯೯೧ರಲ್ಲಿ ಬಂದ ಯೂನಿಕೋಡ್ ಪದ್ಧತಿಯ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ನಕ್ಷೆಯ ಬರಹವೆಲ್ಲ ಆ ಪದ್ಧತಿಯಲ್ಲಿಯೇ ಇರತಕ್ಕದ್ದು. ಅದಕ್ಕಿಂತ ಬೇರೆಯಾದ ಹಳೆಯ ಫಾಂಟುಗಳಲ್ಲಿ ಬರೆದದ್ದು ಇನ್ನೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದು.

ಇದಕ್ಕೇ ಸೇರಿದ ಇನ್ನೊಂದು ಮಾತು. ಹಂದರದಲ್ಲಿ ಬರಹದ ಸ್ಥಳವನ್ನು ತುಂಬಲು ಲೋರೆಂ ಇಪ್ಸಂ ಎಂಬ ಲ್ಯಾಟಿನ್ ಸಾಲುಗಳನ್ನು ಹಾಕುವ ರೂಢಿಯಿದೆ. ಇದು ರೋಮಿನ ಸಿಸೆರೊ ಪಂಡಿತನ ಗ್ರಂಥವೊಂದರ ಮಾತುಗಳನ್ನು ಕೆಡಿಸಿ ಮಾಡಿದುದು. ಕನ್ನಡದ ತಾಣಕ್ಕೆ ಇದನ್ನು ಬಳಸುವುದು ತರವಲ್ಲ. ನಮ್ಮ ಶಬ್ದಗಳು ವಿಭಕ್ತಿಗಳನ್ನು ಧರಿಸಿ ಉದ್ದವಾಗಿ ನಿಲ್ಲುವುವು. ಪರಭಾಷೆಯ ನಾಲ್ಕಕ್ಷರಕ್ಕೆ ಅಳೆದ ಗುಂಡಿಯಲ್ಲಿ "ಬುಟ್ಟಿಗೆ ಸೇರಿಸಿರಿ" ಎಂಬುದು ಹಿಡಿಸಲಾರದು. ನಿಜವಾಗಿ ಬರತಕ್ಕ ಕನ್ನಡ ವಾಕ್ಯಗಳನ್ನೇ ಮೊದಲು ಬರೆದು ಹಂದರದಲ್ಲಿ ಇಡಬೇಕು.

ಮೂರನೆಯದು ವಿಮೋಚನೆಯ ಪರೀಕ್ಷೆ. ಐದರಲ್ಲಿ ಇದೇ ಮುಖ್ಯವೆಂದು ನಾವು ಎಣಿಸುವೆವು. ಬರೆದ ನಕ್ಷೆಯನ್ನು ಆ ತಂತ್ರಾಂಶದಿಂದ ಹೊರಕ್ಕೆ ತೆಗೆದು, ಬೇರೊಂದು ತಂತ್ರಾಂಶದಲ್ಲಿ ತೆರೆದು ತಿದ್ದಬಹುದೇ? ಇನ್‌ವಿಷನ್ ಎಂಬ ಸಂಸ್ಥೆಯು ಒಂದು ಕಾಲದಲ್ಲಿ ತಾಣಗಳ ಮಾದರಿಗಳನ್ನು ತೋರಿಸುವುದಕ್ಕೆ ಪ್ರಸಿದ್ಧವಾಗಿತ್ತು. ಅದು ೨೦೨೪ನೆಯ ಡಿಸೆಂಬರ್ ೩೧ಕ್ಕೆ ತನ್ನ ಆ ಸೇವೆಯನ್ನು ಮುಚ್ಚಿತು. ಗಡುವಿನೊಳಗೆ ತಮ್ಮ ಕೆಲಸವನ್ನು ಹೊರತೆಗೆದವರಿಗೆ ಮಾತ್ರ ಅದು ಉಳಿಯುವಂತಾಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ಅಡೋಬಿ ಸಂಸ್ಥೆಯವರು ಫಿಗ್ಮಾವನ್ನು ೨,೦೦೦ ಕೋಟಿ ಡಾಲರುಗಳಿಗೆ ಕೊಳ್ಳುವೆವೆಂದು ಸಾರಿದರು. ಯೂರೋಪಿನ ಮತ್ತು ಬ್ರಿಟನ್ನಿನ ಅಧಿಕಾರಿಗಳ ಆಕ್ಷೇಪಣೆಯಿಂದ ಆ ವ್ಯವಹಾರವು ೨೦೨೩ರ ಡಿಸೆಂಬರಿನಲ್ಲಿ ಮುರಿದುಬಿದ್ದಿತು. ಆ ಹದಿನೈದು ತಿಂಗಳು, ತಾವು ನೆಚ್ಚಿದ ಸಾಧನವು ನಾಳೆ ಯಾರ ಕೈಗೆ ಹೋಗುವುದೋ ಎಂಬುದು ಅದನ್ನು ಬಳಸುವವರಿಗೆ ಗೊತ್ತಾಗುವಂತಿರಲಿಲ್ಲ. ಸಾಧನವು ಎಷ್ಟು ಉತ್ತಮವಾಗಿದ್ದರೂ ಅದರ ಒಡೆತನ ನಮ್ಮದಲ್ಲ, ನಕ್ಷೆಯ ಒಡೆತನ ಮಾತ್ರ ನಮ್ಮದಾಗಿರಬೇಕು.

ಇದಕ್ಕೆ ಉಪಾಯವೇನೆಂದರೆ, ನಕ್ಷೆಯನ್ನು ಯಾವ ಒಬ್ಬ ವ್ಯಾಪಾರಿಯ ಸೊತ್ತೂ ಅಲ್ಲದ ಕಡತದ ರೂಪದಲ್ಲಿಯೂ ಉಳಿಸಿಕೊಳ್ಳುವುದು. ೨೦೦೧ರಲ್ಲಿ ಜಾಲದ ಅಂತರರಾಷ್ಟ್ರೀಯ ಒಕ್ಕೂಟವು ಅಂಗೀಕರಿಸಿದ ಎಸ್‌ವಿಜಿ ಎಂಬ ಚಿತ್ರದ ರೂಪವೂ, ೨೦೦೬ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಓಡಿಎಫ್ ಎಂಬ ಕಚೇರಿ ಕಡತಗಳ ರೂಪವೂ ಇಂತಹವು. ಲಿಬ್ರೆಆಫೀಸಿನ ಡ್ರಾ ಓಡಿಎಫ್ ರೂಪದಲ್ಲಿಯೇ ಉಳಿಸುವುದು. ಡ್ರಾ ಡಾಟ್ ಐಓ ತನ್ನ ನಕ್ಷೆಯ ಮೂಲವನ್ನು ಎಸ್‌ವಿಜಿ ಚಿತ್ರದೊಳಗೇ ಅಡಕ ಮಾಡಿ ಇಡಬಲ್ಲುದು. ಎಲ್ಲರೂ ನೋಡಬಹುದಾದ ಆ ಚಿತ್ರವನ್ನೇ ಮತ್ತೆ ತೆರೆದು ತಿದ್ದಬಹುದು.

ನಾಲ್ಕನೆಯದು ಸ್ಥಳದ ಪರೀಕ್ಷೆ. ನಮ್ಮ ಊರಿನಲ್ಲಿ ವಿದ್ಯುತ್ತೂ ಜಾಲವೂ ಹೋಗಿ ಬರುತ್ತಿದ್ದರೆ, ಜಾಲವಿಲ್ಲದೆ ತೆರೆಯದ ಸಾಧನವು ಬೇಕಾದಾಗ ಕೈಕೊಡುವುದು. ಮನೆಯಲ್ಲಿ ಇರುವುದು ಹಳೆಯ ಕಂಪ್ಯೂಟರೋ, ಕೇವಲ ಫೋನೋ ಎಂಬುದನ್ನೂ ನೋಡಬೇಕು. ಫೋನಿನ ಸಣ್ಣ ಪರದೆಯಲ್ಲಿ ಬಾಣಗಳನ್ನು ಎಳೆಯುವುದು ಕಷ್ಟ. ಅಂತಹ ಮನೆಯವರು ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳುಹಿಸುವುದೇ ಲೇಸು.

ಐದನೆಯದು ವೆಚ್ಚದ ಪರೀಕ್ಷೆ. ಉಚಿತವೆಂದು ಕೊಡುವ ಅನೇಕ ಸಾಧನಗಳಲ್ಲಿ ಇಷ್ಟೇ ನಕ್ಷೆಗಳು, ಇಷ್ಟೇ ಜನರು ಎಂಬ ಮಿತಿಯುಂಟು. ಮಿತಿಯನ್ನು ದಾಟಿದೊಡನೆ ತಿಂಗಳು ತಿಂಗಳಿಗೂ, ಅದೂ ತಲೆಯೊಂದಕ್ಕೆ ಇಷ್ಟೆಂದು, ಬಾಡಿಗೆ ಕೊಡಬೇಕಾಗುವುದು. ಒಂದು ಸಣ್ಣ ತಾಣದ ಯೋಜನೆಯು ಕೆಲವು ವಾರಗಳ ಕೆಲಸ. ಅಷ್ಟಕ್ಕೆ ವರ್ಷದ ಬಾಡಿಗೆಯನ್ನು ಕೊಡುವುದು, ಒಂದು ದಿನದ ಮದುವೆಗೆ ಚಪ್ಪರವನ್ನು ಕ್ರಯಕ್ಕೆ ಕೊಂಡಂತೆ. ಬಾಡಿಗೆ ನಿಲ್ಲಿಸಿದ ಮೇಲೆ ಹಳೆಯ ನಕ್ಷೆಗಳನ್ನು ನೋಡಲಾದರೂ ಬಿಡುವರೋ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಕೆಲವು ಆಕ್ಷೇಪಗಳು

"ಹಣ ಕೊಟ್ಟು ತಯಾರಕನನ್ನು ಗೊತ್ತುಮಾಡಿದ ಮೇಲೆ ನಕ್ಷೆಯ ಚಿಂತೆ ನಮಗೇಕೆ?" ಎಂದು ಕೆಲವರು ಕೇಳಬಹುದು. ಗಾರೆಯ ಕೆಲಸವನ್ನು ನಾವು ಕಲಿಯಬೇಕಾದುದಿಲ್ಲ, ನಿಜ. ಆದರೆ ನಮ್ಮ ಮನೆಯಲ್ಲಿ ವೃದ್ಧರಿದ್ದಾರೆ, ಮೆಟ್ಟಲು ಎತ್ತರವಾಗಬಾರದು ಎಂಬುದನ್ನು ಮೇಸ್ತ್ರಿಯು ಹೇಗೆ ಬಲ್ಲನು? ಕೊಳ್ಳುವವರು ದೂರವಾಣಿಯಲ್ಲಿ ಮೊದಲು ಕೇಳುವ ಪ್ರಶ್ನೆ ಯಾವುದು, ಯಾವ ಪದಾರ್ಥ ಮಳೆಗಾಲದಲ್ಲಿ ದೊರೆಯದು ಎಂಬುದೆಲ್ಲ ಮನೆಯವರಿಗೆ ಮಾತ್ರ ಗೊತ್ತು. ವೃಕ್ಷವೂ ನಡೆಯ ನಕ್ಷೆಯೂ ಮನೆಯವರ ಕೆಲಸ. ಹಂದರವನ್ನು ತಯಾರಕನೊಡನೆ ಕೂಡಿ ಬರೆಯಬಹುದು. ಬಣ್ಣವೂ ಅಲಂಕಾರವೂ ಅವನಿಗೆ ಬಿಟ್ಟದ್ದು.

"ಈಗ ಕೃತಕ ಬುದ್ಧಿಯ ಯಂತ್ರಗಳಿಗೆ ಒಂದು ವಾಕ್ಯ ಹೇಳಿದರೆ ನಕ್ಷೆಯನ್ನೇ ಬರೆದುಕೊಡುವುವಲ್ಲ?" ಎಂಬುದು ಎರಡನೆಯ ಆಕ್ಷೇಪ. ಬರೆದುಕೊಡುವುವು, ಕರಡಿನ ಮಟ್ಟಿಗೆ ಅವುಗಳಿಂದ ಶ್ರಮವೂ ಉಳಿಯುವುದು. ಆದರೆ ಅವು ಕೊಡುವುದು ಎಲ್ಲ ಅಂಗಡಿಗಳಿಗೂ ಸಾಮಾನ್ಯವಾದ ನಕ್ಷೆಯನ್ನು. ನೆರೆಮನೆಯವರು ಚೀಟಿಗಳನ್ನು ಹೇಗೆ ಗುಂಪು ಮಾಡಿದರೆಂಬುದು ಹೇಳದ ಹೊರತು ಅವಕ್ಕೆ ತಿಳಿಯದು. ಚೀಟಿಗಳ ಪರೀಕ್ಷೆಯನ್ನು ಮಾಡಿ, ಫಲವನ್ನು ತಿಳಿಸಿ, ಆಮೇಲೆ ಕರಡನ್ನು ಬರೆಯಿಸಿದರೆ ದೋಷವಿಲ್ಲ.

ನಿಶ್ಚಿತಾರ್ಥ

ಇಷ್ಟು ವಿಚಾರದಿಂದ ನಾವು ಕಂಡುಕೊಂಡ ಆಯ್ಕೆಯ ಕ್ರಮವನ್ನು ಸಂಗ್ರಹವಾಗಿ ಹೇಳುವೆವು. ಹತ್ತು ಪುಟಗಳೊಳಗಿನ ತಾಣಕ್ಕೆ ಚೀಟಿ, ಕಾಗದ, ಸೀಸದ ಕಡ್ಡಿ ಇಷ್ಟೇ ಸಾಕು. ತಯಾರಕನಿಗೆ 'ಅಚ್ಚುಕಟ್ಟಾದ' ಪ್ರತಿ ಕೊಡಬೇಕೆನಿಸಿದರೆ ಡ್ರಾ ಡಾಟ್ ಐಓ ಅಥವಾ ಲಿಬ್ರೆಆಫೀಸಿನ ಡ್ರಾ. ಅಲ್ಲಲ್ಲಿ ಚದುರಿರುವ ಕುಟುಂಬದವರೋ ಸಂಘದವರೋ ಕೂಡಿ ಆಲೋಚಿಸಬೇಕಾದರೆ ಹಲಗೆಯಂತಹ ಸಾಧನವೊಂದನ್ನು ಉಚಿತದ ಮಿತಿಯೊಳಗೆ ಬಳಸಿ, ಕೆಲಸ ಮುಗಿದೊಡನೆ ಫಲವನ್ನು ಹೊರಕ್ಕೆ ತೆಗೆದಿಟ್ಟುಕೊಳ್ಳಬೇಕು. ತಯಾರಕನು ಫಿಗ್ಮಾದಲ್ಲಿಯೇ ಕೆಲಸ ಮಾಡುವೆನೆಂದರೆ ಬೇಡವೆನ್ನಬಾರದು, ಅದು ಅವನ ಕೈಗೆ ಒಗ್ಗಿದ ಆಯುಧ. ಆದರೆ ಖಾತೆಯು ಮನೆಯವರ ಹೆಸರಿನಲ್ಲಿರಲಿ, ಅದಕ್ಕೆ ಅವನನ್ನು ಸೇರಿಸಿಕೊಳ್ಳಲಿ. ವಾಚನಾಲಯ, ಸಂಘ ಮೊದಲಾದ ಕಡೆ ಕಾರ್ಯದರ್ಶಿಗಳು ಬದಲಾಗುತ್ತಿರುವುದರಿಂದ ಸಂಸ್ಥೆಯ ಹೆಸರಿನ ಖಾತೆಯೇ ಇರತಕ್ಕದ್ದು.

ತಯಾರಕನೊಡನೆ ಮಾಡುವ ಕರಾರಿನಲ್ಲಿ ಎರಡು ಸಾಲುಗಳನ್ನು ಮರೆಯದೆ ಬರೆಯಿಸಿರಿ. ನಕ್ಷೆಗಳೆಲ್ಲವನ್ನೂ ತಿದ್ದಬಹುದಾದ ಮೂಲರೂಪದಲ್ಲಿಯೂ ಪಿಡಿಎಫ್ ರೂಪದಲ್ಲಿಯೂ ಒಪ್ಪಿಸತಕ್ಕದ್ದು ಎಂಬುದು ಒಂದು. ಕಡೆಯ ಕಂತಿನ ಹಣವು ಹೀಗೆ ಒಪ್ಪಿಸಿದ ಮೇಲೆಯೇ ಸಲ್ಲತಕ್ಕದ್ದು ಎಂಬುದು ಇನ್ನೊಂದು. ಒಪ್ಪಿಸಿದ ನಕ್ಷೆಯ ಒಂದು ಪ್ರತಿಯನ್ನು ಅಚ್ಚು ಹಾಕಿಸಿ, ತಾರೀಖನ್ನು ಬರೆದು, ಮನೆಯ ಕ್ರಯಪತ್ರ ಮೊದಲಾದುವನ್ನು ಇಟ್ಟಿರುವ ಪೆಟ್ಟಿಗೆಯಲ್ಲಿಯೇ ಇಡುವುದು ಕ್ಷೇಮಕರ.